ಹೊಸ ಗುಂಪು ಕಟ್ಟುವವರ ಜೊತೆ ನಿಲ್ಲಿ

ಅಡಿಕೆ ಬೆಳೆಗಾರರದ್ದು, ಹಳೆಗನ್ನಡ ಓದುವವರದ್ದು, ಹಕ್ಕಿ ನೋಡುವವರದ್ದು, ಡಯಾಲಿಸಿಸ್ ರೋಗಿಗಳ ಮನೆಯವರದ್ದು, ಹೀಗೆ ಕನ್ನಡದಲ್ಲಿ ಹೊಸ ಹೊಸ ಆನ್‌ಲೈನ್ ಗುಂಪುಗಳು ಹುಟ್ಟುತ್ತಲೇ ಇವೆ. ಕಟ್ಟುವವರಲ್ಲಿ ಹುಮ್ಮಸ್ಸಿಗೆ ಕೊರತೆಯಿಲ್ಲ, ಗುಂಪು ನಡೆಸಿದ ಅನುಭವ ಮಾತ್ರ ಇರುವುದಿಲ್ಲ. ಆ ಅನುಭವ ಇರುವವರು ನಮ್ಮ ನಡುವೆಯೇ ಇದ್ದಾರೆ. ಈ ಮನವಿ ಅವರಿಗೆ: ಗುಂಪು ಕಟ್ಟಲು ಹೊರಟ ಒಬ್ಬರ ಜೊತೆ, ಅದು ಶುರುವಾಗುವ ಮೊದಲೇ, ಕೂತು ಮಾತಾಡಿ.

ಇದು ಹಿಂದೆ ನಡೆದ ಕೆಲಸವೇ. ವೆಬ್ ಹುಟ್ಟುವ ಎಷ್ಟೋ ಮೊದಲು, 1979ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಚರ್ಚಾಜಾಲದ ಯೋಚನೆ ಮಾಡಿದರು. ಮುಂದೆ ಅದರ ಮುಖ್ಯ ವಿಭಾಗಗಳಲ್ಲಿ ಹೊಸ ಗುಂಪು ಬೇಕೆಂದವರು ಪ್ರಸ್ತಾವ ಬರೆದು ಎಲ್ಲರ ಮುಂದಿಡಬೇಕಾಯಿತು. ಗುಂಪಿನ ಹೆಸರೇನು, ಅದು ಯಾಕೆ ಬೇಕು, ಅಲ್ಲಿ ಏನು ಮಾತಾಡಬಹುದು, ಏನು ಕೂಡದು ಎಂಬುದೆಲ್ಲ ಅದರಲ್ಲಿರಬೇಕು. ಚರ್ಚೆ ಮುಗಿದ ಮೇಲೆ ಮತದಾನ. ವಿರೋಧಕ್ಕಿಂತ ಪರವಾಗಿ ಕನಿಷ್ಠ 100 ಮತ ಹೆಚ್ಚು ಬೀಳಬೇಕು, ಬಿದ್ದ ಮತಗಳಲ್ಲಿ ಮೂರನೇ ಎರಡು ಪಾಲು ಪರವಾಗಿರಬೇಕು. ಹೊಸಬರಿಗೆ ಇದು ಸುಲಭದ ದಾರಿಯಲ್ಲ. ಅವರ ಪ್ರಸ್ತಾವ ತಿದ್ದಿಕೊಡಲೆಂದೇ ಗ್ರೂಪ್ ಮೆಂಟರ್ಸ್ ಎಂಬ ಸ್ವಯಂಸೇವಕರ ತಂಡವಿತ್ತು. ಕರ್ನಾಟಕದ ಹೆಸರಿನದೂ ಒಂದು ಗುಂಪು ಯೂಸ್‌ನೆಟ್‌ನಲ್ಲಿತ್ತು. ಆ ಮತದಾನದ ಕಟ್ಟುಪಾಡು ಮತ್ತೆ ಬರಬೇಕೆಂದು ನನಗೆ ಅನ್ನಿಸುವುದಿಲ್ಲ. ಆದರೆ ಆ ಮಾರ್ಗದರ್ಶಕರು ನಮಗೆ ಬೇಕೇ ಬೇಕು.

ಈಗ ಗುಂಪು ಮಾಡಲು ಯಾರನ್ನೂ ಕೇಳಬೇಕಿಲ್ಲ. ವಾಟ್ಸಾಪ್ ಗುಂಪಿಗೆ 1,024 ಮಂದಿಯನ್ನು, ಟೆಲಿಗ್ರಾಂ ಗುಂಪಿಗೆ ಎರಡು ಲಕ್ಷದವರೆಗೆ ಸೇರಿಸಬಹುದು. ಕಷ್ಟ ಶುರುವಾಗುವುದು ಸೇರಿಸಿದ ಮೇಲೆ.

ಮಲೆನಾಡಿನ ಒಂದು ಅಡಿಕೆ ಗುಂಪನ್ನೇ ಊಹಿಸಿಕೊಳ್ಳಿ. ಮಳೆಗಾಲ ಹತ್ತಿರ ಬಂದಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಅಳತೆ ಎಷ್ಟು ಎಂದು ಹೊಸ ಕೃಷಿಕನೊಬ್ಬ ಕೇಳುತ್ತಾನೆ. ಹಿರಿಯರೊಬ್ಬರು ಬಿಡಿಸಿ ಬರೆಯುತ್ತಾರೆ: ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಬಂಗಾರದಂಥ ಉತ್ತರ. ಅದರ ಮೇಲೆ ಹುಟ್ಟುಹಬ್ಬದ ಶುಭಾಶಯ, ಶುಭೋದಯದ ಚಿತ್ರ, ಪಕ್ಷಗಳ ಜಗಳ ಬಂದು ಬೀಳುತ್ತವೆ. ಸಂಜೆಯೊಳಗೆ ಉತ್ತರ ಎಲ್ಲಿ ಹೋಯಿತೋ ಗೊತ್ತಿಲ್ಲ. ಮುಂದಿನ ವರ್ಷ ಮತ್ತದೇ ಪ್ರಶ್ನೆ ಬರುತ್ತದೆ, ಅಷ್ಟರಲ್ಲಿ ಬೇಸತ್ತ ಆ ಹಿರಿಯರು ಗುಂಪು ಬಿಟ್ಟಿರುತ್ತಾರೆ.

ಇದನ್ನು ತಪ್ಪಿಸಲು ತಂತ್ರಜ್ಞಾನದ ಪಾಂಡಿತ್ಯ ಬೇಡ. ಮೊದಲೇ ಕೆಲವು ಪ್ರಶ್ನೆ ಕೇಳುವವರೊಬ್ಬರು ಬೇಕು. ಇದೇ ವಿಷಯಕ್ಕೆ ಈಗಾಗಲೇ ಒಳ್ಳೆಯ ಗುಂಪೊಂದು ಇದೆಯೇ? ಇದ್ದರೆ ಅಲ್ಲಿಗೇ ಸೇರಬಾರದೇಕೆ? ಹೆಸರು ನೋಡಿದರೆ ವಿಷಯ ತಿಳಿಯುತ್ತದೆಯೇ? ಏನು ಹಾಕಬಾರದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಗುಂಪಿನ ವಿವರಣೆಯಲ್ಲಿ ಇಟ್ಟಿದ್ದೀರಾ? ಒಳ್ಳೆಯ ಉತ್ತರಗಳನ್ನು ಎಲ್ಲಿ ಕಾದಿಡುತ್ತೀರಿ? ನಿಮಗೆ ಕಾಯಿಲೆಯಾದರೆ, ಊರು ಬದಲಾದರೆ ಗುಂಪು ನೋಡಿಕೊಳ್ಳುವವರು ಯಾರು? ನನ್ನ ಮಟ್ಟಿಗೆ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಒಬ್ಬರೇ ಹೊತ್ತ ಗುಂಪು ಅವರು ದಣಿದ ದಿನವೇ ನಿಂತುಹೋಗುತ್ತದೆ.

ಭಯವೂ ಒಂದಿದೆ. ಯಾರೋ ಏನೋ ಹಾಕಿದರೆ ಅಡ್ಮಿನ್ ಮೇಲೆ ಕೇಸು ಬೀಳುತ್ತದೆ ಎಂದು ಹಲವರು, ಅದರಲ್ಲೂ ಹೆಣ್ಣುಮಕ್ಕಳು, ಹಿಂದೆ ಸರಿಯುತ್ತಾರೆ. ಸದಸ್ಯರೊಬ್ಬರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಯಾರನ್ನೂ ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. 2022ರಲ್ಲಿ ಕೇರಳ ಹೈಕೋರ್ಟ್ ಕೂಡ ಅದನ್ನೇ ಹೇಳಿತು. ಇಷ್ಟು ತಿಳಿಸುವವರು ಸಿಕ್ಕರೂ ಎಷ್ಟೋ ಜನಕ್ಕೆ ಧೈರ್ಯ ಬರುತ್ತದೆ.

ಒಂದು ಮಾತು ನೆನಪಿರಲಿ: ಗುಂಪು ಕಟ್ಟುವವರದ್ದು. ನೀವು ಅಡ್ಮಿನ್ ಆಗಬೇಡಿ, ನಿಮ್ಮ ಅಭಿರುಚಿ ಹೇರಬೇಡಿ. ಗುಂಪಿನ ವಿವರಣೆಯ ಕರಡು ಓದಿ ಅನ್ನಿಸಿದ್ದನ್ನು ನೇರವಾಗಿ ಹೇಳಿ. ಮೊದಲ ಜಗಳ ಬಂದಾಗ ಫೋನಿಗೆ ಸಿಗಿ. ಆರು ತಿಂಗಳಾದ ಮೇಲೆ ಪಕ್ಕಕ್ಕೆ ಸರಿಯಿರಿ.

ನಿವೃತ್ತ ಮೇಷ್ಟ್ರೇ, ಓದುಗರ ಬಳಗ ನಡೆಸಿದವರೇ, ಅಪಾರ್ಟ್‌ಮೆಂಟಿನ ಗುಂಪನ್ನು ಜಗಳವಿಲ್ಲದೆ ಸಂಭಾಳಿಸಿದವರೇ, ಬೇರೆ ಅರ್ಹತೆ ಬೇಕಿಲ್ಲ. ವರ್ಷಕ್ಕೆ ಒಬ್ಬರಿಗೆ ನೆರವಾದರೂ ಸಾಕು. ನೀವಿರುವ ಗುಂಪಿನಲ್ಲಿ ಇವತ್ತೇ ಒಂದು ಸಾಲು ಬರೆಯಿರಿ: ಹೊಸ ಗುಂಪು ಕಟ್ಟುವ ಯೋಚನೆ ಇರುವವರು ನನಗೊಂದು ಮಾತು ಹೇಳಿ, ಜೊತೆಗಿರುತ್ತೇನೆ.