ಮೇಲೆ ಹತ್ತಿದ ವರ್ಷವೇ ಕೆಳಗಿಳಿದ ತಂಡ

ಮಕ್ಕಳೇ, ಒಂದು ಪ್ರಶ್ನೆ. ಪರೀಕ್ಷೆ ಪಾಸು ಮಾಡಿ ಏಳನೇ ಕ್ಲಾಸಿಗೆ ಬಂದ ಹುಡುಗನನ್ನು ವರ್ಷದ ಕೊನೆಗೆ ಮತ್ತೆ ಆರನೇ ಕ್ಲಾಸಿಗೆ ಕಳಿಸಿದರೆ ಹೇಗಿರುತ್ತದೆ? ಶಾಲೆಯಲ್ಲಿ ಹಾಗೆ ಮಾಡುವುದಿಲ್ಲ, ಪುಣ್ಯ. ಫುಟ್‌ಬಾಲಿನಲ್ಲಿ ಮಾಡುತ್ತಾರೆ. ನಮ್ಮ ಬೆಂಗಳೂರಿನ ಒಂದು ತಂಡಕ್ಕೆ ಈಚೆಗೆ ಆಗಿದ್ದೂ ಇದೇ.

ಬೆಂಗಳೂರಿನ ಫುಟ್‌ಬಾಲ್ ಎಂದರೆ ನಮ್ಮ ಕಡಬದ ಹುಡುಗರು ತಟ್ಟನೆ ಹೇಳುವುದು ಬೆಂಗಳೂರು ಎಫ್‌ಸಿ, ಸುನಿಲ್ ಛೆಟ್ರಿ. ಅದು ದೊಡ್ಡ ತಂಡ, ಟೀವಿಯಲ್ಲಿ ಕಾಣುವ ತಂಡ. ನಾನು ಹೇಳುತ್ತಿರುವುದು ಎಸ್‌ಸಿ ಬೆಂಗಳೂರು, ಅಂದರೆ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ಈ ಹೆಸರು ಕೇಳಿದವರು ನಮ್ಮೂರಿನಲ್ಲಿ ಬೆರಳೆಣಿಕೆಯಷ್ಟು.

ಮೊದಲು ಮೆಟ್ಟಿಲುಗಳ ಲೆಕ್ಕ ತಿಳಿದುಕೊಳ್ಳಿ. 2024-25ರಲ್ಲಿ ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಐಎಸ್‌ಎಲ್. ಅದರ ಕೆಳಗೆ ಐ-ಲೀಗ್, ಅದರ ಕೆಳಗೆ ಐ-ಲೀಗ್ 2, ಅದಕ್ಕೂ ಕೆಳಗೆ ಐ-ಲೀಗ್ 3. ಕೆಳಗಿನ ಮೆಟ್ಟಿಲಲ್ಲಿ ಗೆದ್ದವರು ಮೇಲಕ್ಕೆ, ಮೇಲಿನ ಮೆಟ್ಟಿಲಲ್ಲಿ ಕೊನೆಗೆ ಉಳಿದವರು ಕೆಳಕ್ಕೆ. 2023-24ರಲ್ಲಿ ಎಸ್‌ಸಿ ಬೆಂಗಳೂರು ಐ-ಲೀಗ್ 2 ಗೆದ್ದಿತು. ಎರಡನೆಯ ಸ್ಥಾನ ಗೋವಾದ ಹಳೆಯ ತಂಡ ಡೆಂಪೊಗೆ. ಇಬ್ಬರೂ ಐ-ಲೀಗ್‌ಗೆ ಹತ್ತಿದರು.

2024ರ ನವೆಂಬರಿನಲ್ಲಿ ಹೊಸ ಸೀಸನ್ ಶುರುವಾಯಿತು. ಹನ್ನೆರಡು ತಂಡ. ಪ್ರತಿ ತಂಡ ಉಳಿದ ಹನ್ನೊಂದರ ಜೊತೆಗೂ ತನ್ನೂರಿನಲ್ಲಿ ಒಂದು, ಅವರೂರಿನಲ್ಲಿ ಒಂದು ಆಟ ಆಡಬೇಕು. ಒಂದು ತಂಡಕ್ಕೆ 22 ಆಟ. ಎಲ್ಲ ತಂಡದ್ದೂ ಸೇರಿದರೆ ಒಟ್ಟು ಎಷ್ಟಾಯಿತು? 264 ಎಂದವರು ಸ್ವಲ್ಪ ನಿಲ್ಲಿ. ಒಂದೊಂದು ಆಟದಲ್ಲೂ ಎರಡು ತಂಡ ಇರುತ್ತವಲ್ಲ, ಹಾಗಾಗಿ ಅದರ ಅರ್ಧ, 132. ಗೆದ್ದರೆ ಮೂರು ಪಾಯಿಂಟ್, ಸಮವಾದರೆ ತಲಾ ಒಂದು, ಸೋತರೆ ಸೊನ್ನೆ.

ಈ 'ಅವರೂರು' ಎನ್ನುವುದು ಎಲ್ಲೆಲ್ಲಿತ್ತು ನೋಡಿ. ರಿಯಲ್ ಕಾಶ್ಮೀರ ತಂಡದ ಊರು ಶ್ರೀನಗರ. ಐಜ್ವಾಲ್ ಮಿಜೋರಾಂನ ಗುಡ್ಡದ ಮೇಲೆ. ಶಿಲ್ಲಾಂಗ್ ಲಾಜಾಂಗ್ ಮೇಘಾಲಯದ್ದು. ಗೋಕುಲಂ ಕೇರಳದ್ದು, ಶ್ರೀನಿಧಿ ಡೆಕ್ಕನ್ ಹೈದರಾಬಾದಿನದು. ಗುಬ್ಬಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲೇ ನಮಗೆ ಸೊಂಟ ಹಿಡಿಯುತ್ತದೆ. ಆ ಹುಡುಗರು ಚಳಿಗಾಲದಲ್ಲಿ ದೇಶದ ಆ ತುದಿಗೆ ಹೋಗಿ, ತೊಂಬತ್ತು ನಿಮಿಷ ಓಡಿ, ವಾಪಸು ಬಂದು ಮತ್ತೆ ಅಭ್ಯಾಸಕ್ಕೆ ಇಳಿಯಬೇಕು. ದುಡ್ಡಿದ್ದ ತಂಡ ಒಳ್ಳೆಯ ಆಟಗಾರರನ್ನು ಹೊರಗಿನಿಂದ ತರುತ್ತದೆ. ಹೊಸದಾಗಿ ಹತ್ತಿ ಬಂದ ತಂಡಕ್ಕೆ ಅದು ಸುಲಭವಲ್ಲ.

2025ರ ಏಪ್ರಿಲಿನಲ್ಲಿ ಸೀಸನ್ ಮುಗಿದಾಗ ಕೊನೆಯ ಎರಡು ಸ್ಥಾನದಲ್ಲಿ ಇದ್ದವರು ಡೆಲ್ಲಿ ಎಫ್‌ಸಿ ಮತ್ತು ನಮ್ಮ ಎಸ್‌ಸಿ ಬೆಂಗಳೂರು. ಇಬ್ಬರೂ ಕೆಳಗಿಳಿದರು. ಮೇಲ್ಗಡೆಯ ಕಥೆಯೂ ನೆಟ್ಟಗಿರಲಿಲ್ಲ ಅನ್ನಿ. ಯಾರು ಚಾಂಪಿಯನ್ ಎನ್ನುವ ಜಗಳ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದವರೆಗೂ ಹೋಗಿ, ಜುಲೈನಲ್ಲಿ ಇಂಟರ್ ಕಾಶಿ ಗೆದ್ದಿತೆಂದು ತೀರ್ಮಾನವಾಯಿತು. ಆಟ ಮುಗಿದು ಮೂರು ತಿಂಗಳಾದ ಮೇಲೆ ಕಪ್! ನನಗೇನೋ ಇದು ಸರಿ ಕಾಣಲಿಲ್ಲ. ಮೈದಾನದಲ್ಲಿ ಆಡಿದ್ದು ಮೈದಾನದಲ್ಲೇ ಮುಗಿಯಬೇಕು.

'ಪಾಪ, ಇಳಿಸುವ ನಿಯಮವೇ ಬೇಡ' ಎನ್ನುತ್ತೀರಾ? ಹಾಗೆ ಮಾಡಿದ ದೇಶವೂ ಇದೆ. ಅಮೆರಿಕದಲ್ಲಿ ಮೆಸ್ಸಿ ಆಡುವ ದೊಡ್ಡ ಲೀಗಿನಿಂದ ಯಾರೂ ಕೆಳಗಿಳಿಯುವುದಿಲ್ಲ. ಎಷ್ಟು ಸೋತರೂ ಮುಂದಿನ ವರ್ಷ ಜಾಗ ಗಟ್ಟಿ. ಆದರೆ ಅಲ್ಲಿನ ಚಿಕ್ಕ ಊರಿನ ತಂಡ ಎಷ್ಟೇ ಗೆದ್ದರೂ ಆಟದ ಬಲದಿಂದಲೇ ಮೇಲೆ ಹತ್ತುವ ದಾರಿಯೂ ಇಲ್ಲ. ಅಲ್ಲಿನ ಕೆಳಗಿನ ಲೀಗುಗಳನ್ನು ನಡೆಸುವ ಯುಎಸ್‌ಎಲ್‌ನವರು 2025ರ ಮಾರ್ಚಿನಲ್ಲಿ ಸಭೆ ಸೇರಿ, ತಮ್ಮ ತಂಡಗಳ ನಡುವೆ ಹತ್ತಿಳಿಯುವ ಪದ್ಧತಿ ತರೋಣ ಎಂದು ಮತ ಹಾಕಿದರು. ಇಳಿಯುವ ಭಯ ಇದ್ದರೂ ಹತ್ತುವ ಆಸೆ ಇರಲಿ ಎಂದು ಅವರಿಗೂ ಅನಿಸಿತು. ನಮ್ಮ ಐಎಸ್‌ಎಲ್ ಕೂಡ 2014ರಲ್ಲಿ ಶುರುವಾದಾಗ ಬಾಗಿಲು ಹಾಕಿಕೊಂಡೇ ಇತ್ತು. ಐ-ಲೀಗ್ ಗೆದ್ದು ಅದರೊಳಕ್ಕೆ ಮೊದಲು ಹೋದದ್ದು ಪಂಜಾಬ್ ತಂಡ, 2023ರಲ್ಲಿ.

ಚಿಕ್ಕ ತಂಡ ಯಾಕೆ ಬೇಕು ಎಂದು ಕೇಳುವವರಿಗೆ ನಮ್ಮ ಕಡಬದ ಕೆರೆಯನ್ನೇ ತೋರಿಸುತ್ತೇನೆ. ಅಷ್ಟು ದೊಡ್ಡ ಕೆರೆ ತನ್ನ ಮೇಲೆ ಬಿದ್ದ ಮಳೆಯಿಂದ ಮಾತ್ರ ತುಂಬುತ್ತದೆಯೇ? ಶಿಂಷಾ ಬರಬೇಕು, ಹಳ್ಳ ಕೊಳ್ಳ ಹರಿಯಬೇಕು. ಕರ್ನಾಟಕ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅದೂ 54 ವರ್ಷದ ಮೇಲೆ, ಅದು ಇಂಥ ಹಳ್ಳಗಳ ನೀರು. ಅದಕ್ಕೆ ಮೊದಲಿನ ಗೆಲುವು 1968-69ರದು. ಆಗ ನಮ್ಮ ರಾಜ್ಯದ ಹೆಸರು ಮೈಸೂರು.

ಅಜ್ಜ ಅಜ್ಜಿಯರಿಗೆ ಇನ್ನೂ ಹಳೆಯದು ನೆನಪಿರಬಹುದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತ್ತು. ಅಲ್ಲಿಯವರೆಗೆ ಆ ಕಪ್ ಬ್ರಿಟಿಷ್ ತಂಡಗಳ ಸೊತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಹಲವರು ಬರಿಗಾಲಲ್ಲೇ ಆಡಿ ಫ್ರಾನ್ಸ್ ಎದುರು 2-1ರಿಂದ ಸೋತರು. ಆ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಹೋದಾಗ, ಅಲ್ಲಿನ ಜನ ಮುಂಚೂಣಿಯ ಐವರನ್ನು 'ಪಂಚ ಪಾಂಡವರು' ಎಂದು ಕರೆದರು. ಐವರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಬೆಂಗಳೂರಿನವರೇ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮೆಜೆಸ್ಟಿಕ್‌ನಲ್ಲಿ ಇಳಿದು, ನೇರಳೆ ಬಣ್ಣದ ಮೆಟ್ರೋ ಹಿಡಿದು ಎಂ.ಜಿ. ರಸ್ತೆಗೆ ಹೋಗಿ. ಅಲ್ಲಿಂದ ಆಟೋ ಮಾಡಿದರೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ದೂರವಿಲ್ಲ. ದೊಡ್ಡವರ ತಂಡವೇ ಆಗಬೇಕೆಂದಿಲ್ಲ, ಯಾವ ತಂಡ ಆಡುತ್ತಿದ್ದರೂ ಕೂತು ನೋಡಿ. ಗೋಲಿನ ಹಿಂದೆ ಕೂರಬೇಡಿ, ಚೆಂಡು ಬಂದು ಬಡಿದೀತು.