ಹತ್ತಡಿ ರೂಮಿಗೆ ಥಿಯೇಟರ್ ಬೇಡ, ಮಾತು ಕೇಳಿದ್ರೆ ಸಾಕು

1/7
"ಟಿವಿ ಸೌಂಡ್ ಚೆನ್ನಾಗಿಲ್ಲ ಗುರು, ಇಎಂಐಲಿ ಒಂದು ಸೌಂಡ್‌ಬಾರ್ ತಗೊಳ್ಳೋಣ." ಆಫರ್ ಸೀಸನ್ ಬಂದ್ರೆ ಕ್ಲಾಸ್ ಗ್ರೂಪಲ್ಲಿ ಇದೇ ಮಾತು. ನನ್ನ ಉತ್ತರ ಒಂದೇ: ಈಗಲೇ ಬೇಡ. ಬೆಡ್‌ರೂಮಲ್ಲಿ ನಿಮಗೆ ಬೇಕಿರೋದು ಜೋರು ಅಲ್ಲ, ಸ್ಪಷ್ಟ. ಜೋರನ್ನ ಅಂಗಡಿಲಿ ವಾಟ್ ಲೆಕ್ಕದಲ್ಲಿ ಮಾರ್ತಾರೆ. ಸ್ಪಷ್ಟ ಅನ್ನೋದು ಅರ್ಧಕ್ಕರ್ಧ ನಿಮ್ಮ ರೂಮಲ್ಲೇ ಪುಕ್ಕಟೆ ಬಿದ್ದಿದೆ. ಅದನ್ನ ಯಾರೂ ಹೇಳಲ್ಲ, ಯಾಕಂದ್ರೆ ಅದಕ್ಕೆ ಬಿಲ್ ಹಾಕೋಕಾಗಲ್ಲ.

2/7
ಮೊದಲು ಕಾಯಿಲೆ ಏನು ಅಂತ ನೋಡಿ. ಹಳೇ ಡಬ್ಬಾ ಟಿವಿಗಳಲ್ಲಿ ಸಾಮಾನ್ಯವಾಗಿ ಸ್ಪೀಕರ್ ನಮ್ಮ ಕಡೆ ಮುಖ ಮಾಡಿರ್ತಿತ್ತು, ಹಿಂದೆ ದೊಡ್ಡ ಪೆಟ್ಟಿಗೆ ಬೇರೆ. ಈಗಿನ ತೆಳು ಟಿವಿಗಳಲ್ಲಿ ಹೆಚ್ಚಿನವಕ್ಕೆ ಸ್ಪೀಕರ್ ಕೆಳಗೋ ಹಿಂದಕ್ಕೋ ತಿರುಗಿರುತ್ತೆ. ಶಬ್ದ ಗೋಡೆಗೋ ಟೇಬಲ್ಲಿಗೋ ಬಡಿದು ಆಮೇಲೆ ನಿಮ್ಮ ಕಿವಿಗೆ ಬರುತ್ತೆ. ಟಿವಿ ತೆಳ್ಳಗಾಗಿದ್ದಕ್ಕೆ ನಾವು ಕೊಟ್ಟಿರೋ ಬೆಲೆ ಇದು.

ಇನ್ನೊಂದು ವಿಷಯ. ಒಟಿಟಿಯ ಬಹಳಷ್ಟು ಸಿನಿಮಾ 5.1 ಚಾನೆಲ್‌ಗೆ ಮಿಕ್ಸ್ ಆಗಿರುತ್ತೆ, ಮಾತು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿರುತ್ತೆ. ಅದನ್ನೆಲ್ಲ ಎರಡು ಪುಟ್ಟ ಸ್ಪೀಕರಿಗೆ ತುರುಕಿದಾಗ ಬಿಜಿಎಂ ಮಾತನ್ನ ನುಂಗುತ್ತೆ. ಹೀರೋಯಿನ್ ಪಿಸುಗುಟ್ಟಿದಾಗ ವಾಲ್ಯೂಮ್ 40, ಫೈಟ್ ಬಂದಾಗ 12. ರಿಮೋಟ್ ಕೈ ಬಿಡೋ ಹಾಗೇ ಇಲ್ಲ.

3/7
ಒಂದು ರೂಪಾಯಿನೂ ಖರ್ಚು ಮಾಡದೆ ಇವತ್ತೇ ಮಾಡಬಹುದಾದ್ದು:

👉 ಫ್ಯಾನ್ ಸ್ಪೀಡ್ ಇಳಿಸಿ. ಐದರಲ್ಲಿ ತಿರುಗೋ ಫ್ಯಾನಿನ ಭರ್ರೋ ಸದ್ದಿನೊಳಗೆ ಸ, ತ, ಪ ಥರದ ಮೆಲ್ಲನೆ ಅಕ್ಷರ ಮುಳುಗಿಹೋಗುತ್ತೆ. ಮಾತಿನ ಅರ್ಥ ನಿಂತಿರೋದೇ ಅವುಗಳ ಮೇಲೆ.
👉 ಸೌಂಡ್ ಸೆಟ್ಟಿಂಗಲ್ಲಿ ಸ್ಪೀಚ್, ಕ್ಲಿಯರ್ ವಾಯ್ಸ್ ಅಥವಾ ನ್ಯೂಸ್ ಅಂತ ಇದ್ರೆ ಆನ್ ಮಾಡಿ. ಸುಳ್ಳು ಸರೌಂಡ್ ಆಫ್. ನೈಟ್ ಮೋಡ್ ಇದ್ರೆ ರಾತ್ರಿ ಆನ್.
👉 ಒಟಿಟಿ ಆ್ಯಪಲ್ಲಿ ಆಡಿಯೋ 5.1 ಬದಲು ಸ್ಟೀರಿಯೋ ಆರಿಸಿ ನೋಡಿ.
👉 ಟಿವಿ ಶೋಕೇಸ್ ಗೂಡಿನೊಳಗೆ ಕೂತಿದ್ರೆ ಸ್ಟ್ಯಾಂಡಿನ ಮುಂದಿನ ಅಂಚಿಗೆ ಎಳೀರಿ. ಬೀಳದ ಹಾಗೆ ನೋಡ್ಕೊಳ್ಳಿ.
👉 ಟೈಲ್ಸ್ ನೆಲ, ಬರೀ ಗೋಡೆ ಇದ್ರೆ ಶಬ್ದ ಪುಟಿದು ಕಲಸಿಹೋಗುತ್ತೆ. ಒಂದು ಜಮಖಾನ, ದಪ್ಪ ಕರ್ಟನ್ ಹಾಕಿ. ಹಾಸಿಗೆ ಅಂತೂ ಇದ್ದೇ ಇದೆ, ಅದೂ ಶಬ್ದ ಹೀರುತ್ತೆ.

ಇಷ್ಟು ಮಾಡಿ ಒಂದು ವಾರ ಟಿವಿ ನೋಡಿ. ಆಮೇಲೂ ಬೇಕನ್ನಿಸಿದ್ರೆ ಮುಂದಿನ ಮಾತು.

4/7
ಈಗ ವಾಟ್ ಅನ್ನೋ ಜಾತ್ರೆ. ಸಾಮಾನ್ಯ ಟಿವಿಲಿ 20 ವಾಟ್ ಇರುತ್ತೆ ಅಂತಿಟ್ಕೊಳ್ಳಿ. 40 ವಾಟ್ ಆದ್ರೆ ಡಬಲ್ ಜೋರಾ? ಅಲ್ಲ. ಪವರ್ ಎರಡು ಪಟ್ಟಾದ್ರೆ ಏರೋದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸೋಕೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ ಹತ್ತು ಪಟ್ಟು ಪವರ್: 200 ವಾಟ್. ಎಕನಾಮಿಕ್ಸ್ ಮೇಷ್ಟ್ರು ಹೇಳೋ ಇಳಿಮುಖ ಸೀಮಾಂತ ತುಷ್ಟಿಗುಣಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಎಲ್ಲಿ ಸಿಗುತ್ತೆ?

ಡಬ್ಬದ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವಾಟ್ ಇದ್ರೆ ನಕ್ಕು ಮುಂದೆ ಹೋಗಿ. ಅದಕ್ಕೆ ಒಪ್ಪಿತವಾದ ಅಳತೆಯೇ ಇಲ್ಲ. ಕೇಳಬೇಕಾದ್ದು ಆರ್‌ಎಂಎಸ್ ಎಷ್ಟು ಅಂತ.

5/7
"ಆದ್ರೆ ಬೇಸ್ ಬೇಕಲ್ವಾ?" ಅಂತೀರಿ. 10ಕ್ಕೆ 10 ಅಡಿ ರೂಮಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ ಶಬ್ದ ನಿಂತು ಊದಿಕೊಳ್ಳುತ್ತೆ. ಚೌಕ ರೂಮಾದ್ರೆ ಎರಡೂ ದಿಕ್ಕಲ್ಲಿ ಅದೇ ಶಬ್ದ. ಅದಕ್ಕೆ ಮೂಲೇಲಿ ಸಬ್‌ವೂಫರ್ ಇಟ್ರೆ ನಿಮಗೆ ಸಿಗೋದು ಥಿಯೇಟರ್ ಅಲ್ಲ, ಗುಂಯ್ ಅನ್ನೋ ಡ್ರಮ್ಮು. ಗೋಡೆ ದಾಟಿ ಪಕ್ಕದ ಮನೆಗೆ ಮೊದಲು ಹೋಗೋದೂ ಅದೇ. ಬಾಡಿಗೆ ಮನೇಲಿ, ಪಿಜಿಲಿ ಇರೋರಿಗೆ ಬಿಡಿಸಿ ಹೇಳಬೇಕಾ?

ಮನೇಲಿ ಅಜ್ಜಿ ತಾತ ಇದ್ರೆ ಇನ್ನೂ ಮುಖ್ಯ. ವಯಸ್ಸಾದಂತೆ ಮೊದಲು ಕಡಿಮೆಯಾಗೋದು ಸಾಮಾನ್ಯವಾಗಿ ತೆಳು ಸ್ವರ ಕೇಳೋ ಶಕ್ತಿ. ಅವರಿಗೆ ಬೇಸ್ ಏರಿಸೋದು ಅಂದ್ರೆ ಮಾತನ್ನ ಇನ್ನೂ ಮುಚ್ಚೋದು. "ಏನಂದ್ನೋ ಅವ್ನು?" ಅಂತ ಪ್ರತಿ ಸೀನಿಗೂ ಕೇಳ್ತಿದ್ರೆ ಅವರಿಗೆ ಬೇಕಿರೋದು ಸೌಂಡ್‌ಬಾರ್ ಅಲ್ಲ, ಒಂದ್ಸಲ ಕಿವಿ ಡಾಕ್ಟರು.

6/7
ಇನ್ನು "ನೋ ಕಾಸ್ಟ್ ಇಎಂಐ". ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ 2013ರಲ್ಲೇ ಆರ್‌ಬಿಐ ಬ್ಯಾಂಕುಗಳಿಗೆ ಸ್ಪಷ್ಟ ಹೇಳಿದೆ. ಬಡ್ಡಿ ಎಲ್ಲೋ ಬೆಲೆಯೊಳಗೆ ಅಥವಾ ನಿಮಗೆ ಸಿಗಬೇಕಿದ್ದ ಡಿಸ್ಕೌಂಟ್ ಒಳಗೆ ಅಡಗಿ ಕೂತಿರುತ್ತೆ. ಕ್ರೆಡಿಟ್ ಕಾರ್ಡ್ ಇಎಂಐ ಆದ್ರೆ ಆ ಬಡ್ಡಿ ಮೇಲೆ 18% ಜಿಎಸ್‌ಟಿ, ಎಷ್ಟೋ ಸಲ ಪ್ರೊಸೆಸಿಂಗ್ ಫೀಸ್ ಬೇರೆ. ಕಾರ್ಡ್ ಯಾರದ್ದು? ಅಪ್ಪಂದು, ಇಲ್ಲ ಅಣ್ಣಂದು. ಡೆಬಿಟ್ ಕ್ರೆಡಿಟ್ ಓದೋ ನಾವೇ ಇದನ್ನ ಲೆಕ್ಕ ಹಾಕದಿದ್ರೆ ಇನ್ಯಾರು ಹಾಕ್ತಾರೆ?

7/7
ಹಾಗಾದ್ರೆ ಏನು ತಗೋಬೇಕು? ಮೊದಲು ಅಟ್ಟ ಹತ್ತಿ. ಹಳೇ ಕಂಪ್ಯೂಟರ್ ಸ್ಪೀಕರ್, ಮ್ಯೂಸಿಕ್ ಸಿಸ್ಟಮ್ ಧೂಳು ಹಿಡಿದು ಕೂತಿರಬಹುದು. ಎರಡು ಸ್ಪೀಕರ್ ಟಿವಿ ಅಕ್ಕಪಕ್ಕ, ಕೂತಾಗ ಕಿವಿ ಎತ್ತರಕ್ಕೆ, ಮುಖ ನಿಮ್ಮ ಕಡೆಗೆ. ಟಿವಿಯ ಹೆಡ್‌ಫೋನ್ ತೂತಿಗೆ ಸಾದಾ ಆಕ್ಸ್ ಕೇಬಲ್ ಹಾಕಿದ್ರೆ ಸಾಮಾನ್ಯವಾಗಿ ವಾಲ್ಯೂಮ್ ರಿಮೋಟಲ್ಲೇ ಬರುತ್ತೆ. ಆಪ್ಟಿಕಲ್ ಮಾತ್ರ ಇದ್ರೆ ಅದನ್ನ ಆರ್‌ಸಿಎಗೆ ಬದಲಿಸೋ ಸಣ್ಣ ಡಬ್ಬಿ ಸಿಗುತ್ತೆ. ಟಿವಿಲಿ ಪಿಸಿಎಂ ಆರಿಸೋದು ಮರೀಬೇಡಿ, ಆದ್ರೆ ಆಗ ಎಷ್ಟೋ ಟಿವಿಗಳಲ್ಲಿ ವಾಲ್ಯೂಮ್ ಸ್ಪೀಕರಲ್ಲೇ ತಿರುಗಿಸಬೇಕು. ಬ್ಲೂಟೂತ್ ಬೇಡ, ತುಟಿ ಮೊದಲು ಆಡುತ್ತೆ, ಮಾತು ಆಮೇಲೆ ಬರುತ್ತೆ.

ಸೌಂಡ್‌ಬಾರ್ ಪಾಪದ ವಸ್ತು ಅಂತ ನಾನು ಹೇಳ್ತಿಲ್ಲ. ಇದೆಲ್ಲ ಮಾಡಿದ್ಮೇಲೂ ಸಾಲದಿದ್ರೆ, ಕೈಯಲ್ಲಿ ಪೂರ್ತಿ ದುಡ್ಡಿದ್ರೆ, ಮಾತಿಗೇ ಅಂತ ನಡುವಿನ ಸ್ಪೀಕರ್ ಇರೋದನ್ನ, ಎಚ್‌ಡಿಎಂಐ ಆರ್ಕ್ ಇರೋದನ್ನ, ಅಂಗಡಿಲಿ ನ್ಯೂಸ್ ಹಾಕಿಸಿ ಕೇಳಿ ತಗೊಳ್ಳಿ. ಹಾಡು ಹಾಕಿ ತೋರಿಸಿದ್ರೆ ಎಲ್ಲವೂ ಚೆನ್ನಾಗೇ ಕೇಳುತ್ತೆ.

ಒಪ್ಪದಿದ್ರೆ ಕಾಮೆಂಟಲ್ಲಿ ಜಗಳಕ್ಕೆ ಬನ್ನಿ. ಒಪ್ಪಿದ್ರೆ, ಇಎಂಐ ಬಟನ್ ಮೇಲೆ ಬೆರಳಿಟ್ಟು ಕೂತಿರೋ ಫ್ರೆಂಡ್‌ಗೆ ಈಗಲೇ ಕಳಿಸಿ.

#ಟಿವಿಸೌಂಡ್ #ಕಾಸಿನಮಾತು #ಬಿಕಾಂಹುಡುಗರು #ಕನ್ನಡದಲ್ಲೇಹೇಳಿ