ಸೀರೆಯ ಅರಿಶಿನ ಕಲಿಸಿದ ಪಾಠ



ಕಾಲೇಜು ಓದುವ ಮಗನೋ ಮಗಳೋ ಫೋನ್ ಮುಂದೆ ಕೂತು ಆನ್‌ಲೈನ್ ಪಾಠ ಕೇಳುವಾಗ ನೀವು ಒಮ್ಮೆಯಾದರೂ ಇಣುಕಿ ನೋಡಿರುತ್ತೀರಿ, ಅಲ್ಲವೇ? ಅತ್ತ ಮೇಷ್ಟ್ರ ಮಾತು ಸುರಿಯುತ್ತಿದೆ, ಇತ್ತ ಮಗರಾಯ ತೂಕಡಿಸುತ್ತಿದ್ದಾನೆ! ಬೈಯುವ ಮುನ್ನ ಸ್ವಲ್ಪ ತಡೆಯಿರಿ. ತಪ್ಪು ಅವನೊಬ್ಬನದೇ ಅಲ್ಲ, ಕಲಿಸುವ ನಮ್ಮದೂ ಇದೆ.

2020ರ ಮಾರ್ಚ್‌ನಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿದಾಗ ನಾನೂ ಮನೆಯಿಂದಲೇ ಬಿ.ಎಸ್‌ಸಿ. ಮಕ್ಕಳಿಗೆ ರಸಾಯನಶಾಸ್ತ್ರ ಹೇಳಬೇಕಾಯಿತು. ಒಂದು ಗಂಟೆ ಎಡೆಬಿಡದೆ ಹೇಳಿ, "ಅರ್ಥವಾಯ್ತಾ?" ಎಂದರೆ ಉತ್ತರವೇ ಇಲ್ಲ. ಗೋಡೆಗೆ ಪಾಠ ಹೇಳಿದ ಹಾಗೆ! ಈ ಕೆಲಸವೇ ಬೇಡ ಅನ್ನಿಸಿದ್ದೂ ಉಂಟು.

ಆಮ್ಲ, ಕ್ಷಾರಗಳ ಪಾಠ ಬಂತು. ಲಿಟ್ಮಸ್ ಕಾಗದ ಎಲ್ಲಿಂದ ತರುವುದು? "ಎಲ್ಲರೂ ಅಡಿಗೆಮನೆಯಿಂದ ಅರಿಶಿನ, ನಿಂಬೆಹಣ್ಣು, ಬಚ್ಚಲಿಂದ ಬಟ್ಟೆ ಸೋಪು ತಗೊಂಡು ಬನ್ನಿ" ಎಂದೆ. ಕಾಗದಕ್ಕೆ ಅರಿಶಿನದ ನೀರು ಬಳಿದು ಸೋಪಿನ ನೀರು ತಾಗಿಸಿದರೆ ಕೆಂಪು. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅಷ್ಟರಲ್ಲಿ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಸೀರೆ ಮೇಲಿನ ಅರಿಶಿನದ ಕಲೆಗೆ ಸೋಪು ಹಚ್ಚಿದ್ರೆ ಕೆಂಪಾಗೋದು ಇದಕ್ಕೇನಾ ಅಂತ ನಮ್ಮಮ್ಮ ಕೇಳ್ತಿದ್ದಾರೆ." ಇದಕ್ಕೇ ಕಣಮ್ಮ! ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅಂದು ಗಂಟೆ ಮುಗಿದರೂ ಯಾರೂ ಏಳಲಿಲ್ಲ.

ಅಂದಿನಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಮಾತಾಡುವುದನ್ನು ಬಿಟ್ಟೆ. ನಡುನಡುವೆ ಒಂದು ಸಣ್ಣ ಪ್ರಶ್ನೆ, ಇಲ್ಲವೇ ಕೈಗೊಂದು ಕೆಲಸ. ಹೀಗೆ ಪಾಠದ ಮಧ್ಯೆ ಚಿಕ್ಕ ಪರೀಕ್ಷೆ ಇಟ್ಟರೆ ಮನಸ್ಸು ಅಲೆಯುವುದು ಕಡಿಮೆ, ನೆನಪೂ ಚೆನ್ನಾಗಿ ಉಳಿಯುತ್ತದೆಂದು 2013ರಲ್ಲಿ ಹಾರ್ವರ್ಡ್‌ನ ಸಂಶೋಧಕರು ತೋರಿಸಿದ್ದಾರಂತೆ. ಮಾತಾಡಲು ನಾಚುವವರು ಉತ್ತರ ಬರೆದು ಕಳಿಸಲಿ. "ಮುಖ ತೋರಿಸು" ಎಂಬ ಬಲವಂತವೂ ಬೇಡ. ಒಂದೇ ಕೋಣೆಯ ಮನೆ, ಅಪ್ಪನ ಫೋನು. ಅವರವರ ಕಷ್ಟ ಅವರಿಗೇ ಗೊತ್ತು.

ಇನ್ನು ನಿಮ್ಮ ಪಾಲಿನ ಕೆಲಸ. ಪಾಠ ಮುಗಿದ ಮೇಲೆ "ಇವತ್ತೇನು ಕಲಿತೆ, ನಂಗೂ ಸ್ವಲ್ಪ ಹೇಳು" ಎನ್ನಿ. ನಿಮಗೆ ತಿಳಿಯುವಂತೆ ಹೇಳಲು ಹೊರಟಾಗ ತನಗೆ ಎಷ್ಟು ಅರ್ಥವಾಗಿದೆಯೆಂದು ಮಗುವಿಗೂ ಗೊತ್ತಾಗುತ್ತದೆ. ನಿಮಗೇನಾದರೂ ಕೇಳಬೇಕೆನಿಸಿದರೆ, "ನಾನೇನು ಓದಿದವಳೇ" ಎಂದು ಸಂಕೋಚ ಪಡಬೇಡಿ, ಕೇಳಿಬಿಡಿ. ನನ್ನ ತರಗತಿಗೆ ಜೀವ ಬಂದದ್ದು ಒಬ್ಬ ತಾಯಿಯ ಪ್ರಶ್ನೆಯಿಂದ ತಾನೇ?